ಸೇನೆಗೆ ಹೊರಟ ಮಕ್ಕಳ ಓದಿನ ಖರ್ಚು

ಉಡುಮಲಪೇಟೆಯಿಂದ ತೆಂಕಣಕ್ಕೆ, ಆನೆಮಲೆಯ ಬುಡದ ಕಡೆ ಹೊರಟರೆ ಅಮರಾವತಿ ಅಣೆಕಟ್ಟು ಸಿಗುತ್ತದೆ. ಅಲ್ಲಿಗೆ ಹೋಗುವವರಲ್ಲಿ ಮೊಸಳೆ ನೋಡಲು ಹೋಗುವವರೇ ಹೆಚ್ಚು. ಅದೇ ಅಮರಾವತಿ ನಗರದಲ್ಲಿ ಒಂದು ಸೈನಿಕ ಶಾಲೆಯಿದೆ. 1962ರ ಜುಲೈ 16ರಂದು ಶುರುವಾದ ಶಾಲೆ. ಆಗ ಆ ಊರು ಕೊಯಮತ್ತೂರು ಜಿಲ್ಲೆಯಲ್ಲಿತ್ತು. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾದ ಮೇಲೆ ಅದರ ಪಾಲಿಗೆ ಬಂತು.

ಈ ಸೀಮೆ ಕನ್ನಡಿಗರಿಗೆ ದೂರದ್ದೇನಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ತಾಲೂಕೂ ಕೊಯಮತ್ತೂರು ಜಿಲ್ಲೆಯದೇ. ಇವತ್ತಿಗೂ ಕೊಯಮತ್ತೂರು, ಉಡುಮಲಪೇಟೆ, ನೆಗಮಂ ಕಡೆಯ ದೇವಾಂಗರ ಬೀದಿಗಳಲ್ಲಿ, ಒಕ್ಕಲಿಗರ ಮನೆಗಳಲ್ಲಿ ಒಳಗೆ ಕನ್ನಡ, ಹೊರಗೆ ತಮಿಳು. ದೇವಾಂಗರ ಕುಲದೇವತೆ ಚೌಡೇಶ್ವರಿ; ಅಲ್ಲಿಯ ಬಾಯಲ್ಲಿ ಸೌಡೇಶ್ವರಿ. ಮಗ್ಗದ ಕೆಲಸದಿಂದ ವಿದ್ಯುತ್ ಮಗ್ಗಕ್ಕೆ, ಅಲ್ಲಿಂದ ತಿರುಪ್ಪೂರಿನ ಬನಿಯನ್ ಕಂಪೆನಿಗೆ ಬಂದ ಮನೆಗಳು ಬಹಳ. ಈ ಮನೆಗಳ ಮಕ್ಕಳು ಈಗ ಸೇನೆ, ವಾಯುಪಡೆ, ರಕ್ಷಣಾ ಸಂಶೋಧನೆ, ಸೈಬರ್ ಭದ್ರತೆ ಎನ್ನುತ್ತಿದ್ದಾರೆ. ಅನ್ನದೆ ಏನು ಮಾಡುತ್ತಾರೆ? ಸೂಲೂರಿನ ವಾಯುನೆಲೆಯಿಂದ ತೇಜಸ್ ಹಾರುವುದನ್ನು ಮಾಳಿಗೆ ಮೇಲೆ ನಿಂತು ನೋಡುತ್ತಾ ಬೆಳೆದವರು. ಬೆಂಗಳೂರಿನಲ್ಲಿ ತಯಾರಾದ ಆ ವಿಮಾನದ ಎರಡು ತುಕಡಿಗಳು, 45ನೆಯದು ಮತ್ತು 18ನೆಯದು, ನೆಲೆಯೂರಿದ್ದು ಸೂಲೂರಿನಲ್ಲೇ. ಕೊಯಮತ್ತೂರಿನ ಊರೊಳಗೆ ನೌಕಾಪಡೆಯ ಅಗ್ರಣಿ ತರಬೇತಿ ಕೇಂದ್ರವಿದೆ, ತುಡಿಯಲೂರಿನ ಕಡೆ ಕೇಂದ್ರ ಮೀಸಲು ಪೊಲೀಸ್ ಪಡೆಯ ತರಬೇತಿ ಕಾಲೇಜಿದೆ. ಹೀಗಾಗಿ ಆಸೆ ಹುಟ್ಟುವುದಕ್ಕೆ ಅಲ್ಲಿ ಕೊರತೆಯಿಲ್ಲ.

ಮಕ್ಕಳ ಆಸೆಯ ಬೆನ್ನಿಗೇ ತಂದೆತಾಯಂದಿರ ಪ್ರಶ್ನೆ ಬರುತ್ತದೆ: “ಸಾರ್, ಇದಕ್ಕೆ ಸ್ಕಾಲರ್‌ಶಿಪ್ ಏನಾದರೂ ಇದೆಯಾ?” ಇದೆ. ಆದರೆ ನಾನು ಮೊದಲು ಕೇಳುವುದು ಬೇರೆ: “ಮಗುವಿಗೆ ಎಷ್ಟು ವಯಸ್ಸು?” ಅಪ್ಪ ಅಮ್ಮ ಮುಖ ಮುಖ ನೋಡಿಕೊಳ್ಳುತ್ತಾರೆ, ನಾನು ಮಾತು ಮರೆಸುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅಲ್ಲ. ರಕ್ಷಣೆಯ ಓದಿನಲ್ಲಿ ಹಣದ ಬಾಗಿಲು ತೆರೆಯುವುದೂ ಮುಚ್ಚುವುದೂ ವಯಸ್ಸಿನ ಮೇಲೆ. ಬಡತನದಿಂದ ಅವಕಾಶ ತಪ್ಪಿದವರಿಗಿಂತ ಹುಟ್ಟಿದ ತಾರೀಖಿನಿಂದ ತಪ್ಪಿದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಸೈನಿಕ ಶಾಲೆಯಿಂದಲೇ ಹೊರಡೋಣ. ಇವು ರಕ್ಷಣಾ ಮಂತ್ರಿಯಾಗಿದ್ದ ವಿ. ಕೆ. ಕೃಷ್ಣ ಮೆನನ್ ಅವರ ಕಲ್ಪನೆ. ಆ ಕಾಲಕ್ಕೆ ಸೇನೆಯ ಅಧಿಕಾರಿಗಳು ಬರುತ್ತಿದ್ದುದು ಬಹುಪಾಲು ಉಳ್ಳವರ ಮನೆಗಳಿಂದ, ಕೆಲವೇ ಪ್ರಾಂತ್ಯಗಳಿಂದ. ಸಾಮಾನ್ಯರ ಮಕ್ಕಳೂ ಬರಲಿ ಎಂದು 1961ರಲ್ಲಿ ಸಾತಾರದಲ್ಲಿ ಮೊದಲ ಶಾಲೆ ತೆರೆದರು. ಮರುವರ್ಷ ಅಮರಾವತಿ ನಗರ, 1963ರಲ್ಲಿ ನಮ್ಮ ಬಿಜಾಪುರ, ಬಹಳ ತಡವಾಗಿ 2007ರಲ್ಲಿ ಕೊಡಗಿನ ಕೂಡಿಗೆ. ಆರನೆಯ ತರಗತಿಗೆ ಸೇರಬೇಕಾದರೆ ಆ ವರ್ಷದ ಮಾರ್ಚ್ 31ಕ್ಕೆ ಮಗುವಿಗೆ ಹತ್ತು ತುಂಬಿರಬೇಕು, ಹನ್ನೆರಡು ಮೀರಿರಬಾರದು. ಒಂಬತ್ತನೆಯ ತರಗತಿಗೆ ಹದಿಮೂರರಿಂದ ಹದಿನೈದು. ಮುಖ್ಯವಾದ ಕಿಂಡಿ ಇವೆರಡೇ. ಹತ್ತನೆಯ ತರಗತಿಯಲ್ಲಿ ಜಿಲ್ಲೆಗೇ ಮೊದಲು ಬಂದ ಹುಡುಗನಾದರೂ ಸರಿ, ಅವನಿಗೆ ಅಲ್ಲಿ ಸೀಟು ಸಿಗುವುದು ಕಷ್ಟ.

ಆರನೆಯ ತರಗತಿಯ ಪ್ರವೇಶ ಪರೀಕ್ಷೆ 300 ಅಂಕಗಳದು. ಅದರಲ್ಲಿ 150 ಗಣಿತಕ್ಕೇ ಹೋಗುತ್ತವೆ. ಉಳಿದದ್ದರಲ್ಲಿ ಭಾಷೆ, ಸಾಮಾನ್ಯ ಜ್ಞಾನ, ಬುದ್ಧಿಶಕ್ತಿ ತಲಾ 50. ಈ ಪರೀಕ್ಷೆಯನ್ನು ತಮಿಳಿನಲ್ಲೂ ಬರೆಯಬಹುದು, ಕನ್ನಡದಲ್ಲೂ ಬರೆಯಬಹುದು. ಒಂಬತ್ತನೆಯದಕ್ಕೆ ಮಾತ್ರ ಇಂಗ್ಲಿಷೇ ಗತಿ. ಹಳ್ಳಿಯ ಸರಕಾರಿ ಶಾಲೆಯ ಮಗುವಿಗೆ ಆರನೆಯ ತರಗತಿಯ ಕಿಂಡಿಯೇ ಅಗಲವಾದದ್ದು ಎನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಆದರೆ ನಾಲ್ಕನೆಯ ತರಗತಿಯಲ್ಲಿರುವ ಮಗುವಿನ ಮನೆಯಲ್ಲಿ ಸೇನೆಯ ಮಾತು ಯಾರು ಆಡುತ್ತಾರೆ? ಆಡುವವರು ಸೈನಿಕರ ಮನೆಯವರು, ಮೇಷ್ಟ್ರ ಮನೆಯವರು. ಸೋಮನೂರಿನ ಪವರ್‌ಲೂಮ್ ಶೆಡ್ಡಿನಲ್ಲಿ ರಾತ್ರಿ ಪಾಳಿ ಮಾಡುವ ಅಪ್ಪನಿಗೆ ಆ ಹೊತ್ತಿಗೆ ಅದು ತೋಚುವುದಿಲ್ಲ. ಹಾಸು ಹೂಡುವ ಮೊದಲೇ ಸೀರೆಯ ಅಗಲ ತೀರ್ಮಾನವಾಗಿರಬೇಕು ಎಂದು ಮಗ್ಗದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಮಕ್ಕಳ ವಿಷಯದಲ್ಲಿ ಅದನ್ನು ನೆನಪಿಸಬೇಕಾಗುತ್ತದೆ, ಅಷ್ಟೆ.

ಖರ್ಚಿನ ಮಾತಿಗೆ ಬರೋಣ. ಸೈನಿಕ ಶಾಲೆಯ ಓದು ಪುಕ್ಕಟೆಯಲ್ಲ. ಊಟ, ವಸತಿ, ಉಡುಪು ಎಲ್ಲ ಸೇರಿ ವರ್ಷಕ್ಕೆ ಲಕ್ಷ ರೂಪಾಯಿ ದಾಟುತ್ತದೆ. ಅಂಕಿ ಕೇಳಿದ ಕೂಡಲೇ ಅರ್ಧ ಜನ ಎದ್ದು ಹೋಗುತ್ತಾರೆ. ಎದ್ದು ಹೋಗಬಾರದು. ಆಯಾ ರಾಜ್ಯದ ಖಾಯಂ ನಿವಾಸಿಗಳ ಮಕ್ಕಳಿಗೆ, ತಂದೆತಾಯಿಯ ಆದಾಯ ನೋಡಿ, ರಾಜ್ಯ ಸರಕಾರಗಳು ವಿದ್ಯಾರ್ಥಿವೇತನ ಕೊಡುತ್ತವೆ, ತಮಿಳುನಾಡೂ ಕೊಡುತ್ತದೆ. ಆದಾಯ ಕಡಿಮೆಯಿದ್ದಷ್ಟೂ ನೆರವು ಹೆಚ್ಚು. ಸೀಟುಗಳಲ್ಲಿ ನೂರಕ್ಕೆ 67 ಆ ರಾಜ್ಯದವರಿಗೆ, 33 ಹೊರಗಿನವರಿಗೆ. ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ ಏಳೂವರೆ, 2021ರಿಂದ ಹಿಂದುಳಿದ ವರ್ಗಕ್ಕೆ 27. ಅದೇ ವರ್ಷದಿಂದ ಹುಡುಗಿಯರಿಗೂ ಪ್ರವೇಶವಿದೆ. ಅರುವತ್ತು ವರ್ಷ ಹುಡುಗರಿಗಷ್ಟೇ ತೆರೆದಿದ್ದ ಗೇಟಿನಲ್ಲಿ ಈಗ ಹುಡುಗಿಯರ ಸಾಲೂ ನಿಲ್ಲುತ್ತದೆ. ಹಳೆಯ 33 ಶಾಲೆಗಳ ಜೊತೆಗೆ ಖಾಸಗಿ ಸಂಸ್ಥೆಗಳೊಂದಿಗೆ ಸೇರಿ ಹೊಸ ಸೈನಿಕ ಶಾಲೆಗಳನ್ನೂ ಕೇಂದ್ರ ಸರಕಾರ ತೆರೆಯುತ್ತಿದೆ. ಅಲ್ಲಿ ತರಗತಿಯ ಅರ್ಧದಷ್ಟು ಮಕ್ಕಳಿಗೆ, ಅಂಕ ಮತ್ತು ಆದಾಯ ಎರಡನ್ನೂ ನೋಡಿ, ಶುಲ್ಕದ ಅರ್ಧವನ್ನು ಸರಕಾರ ಭರಿಸುತ್ತದೆ. ಮಿತಿ ವರ್ಷಕ್ಕೆ 40,000 ರೂಪಾಯಿ. ಉಳಿದರ್ಧ ಮನೆಯವರದೇ. ಅರ್ಜಿಗೆ ಮುಂಚೆ ಆ ಶಾಲೆಯ ಪೂರಾ ಶುಲ್ಕ ಎಷ್ಟೆಂದು ಕೇಳಿ ತಿಳಿದುಕೊಳ್ಳಿ. ಕೆಲವು ಕಡೆ ಉಳಿದರ್ಧವೇ ಕೈಗೆಟುಕದ ಮೊತ್ತ.

ಸೈನಿಕ ಶಾಲೆ ತಪ್ಪಿತು ಅನ್ನಿ. ಮುಂದಿನ ಬಾಗಿಲು ಪ್ಲಸ್ ಟೂ, ಅಂದರೆ ಹನ್ನೆರಡನೆಯ ತರಗತಿಯ ಹೊತ್ತಿಗೆ. ನಮ್ಮ ದೇಶದಲ್ಲಿ ರಕ್ಷಣೆಯ ಓದಿಗೆ ಕೊಡುವ ಅತಿ ದೊಡ್ಡ ವಿದ್ಯಾರ್ಥಿವೇತನಕ್ಕೆ ವಿದ್ಯಾರ್ಥಿವೇತನ ಎಂಬ ಹೆಸರೇ ಇಲ್ಲ. ಪುಣೆಯ ಬಳಿ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎಲ್ಲರೂ ಎನ್‌ಡಿಎ ಅನ್ನುತ್ತೇವಲ್ಲ, ಅಲ್ಲಿ ಮೂರು ವರ್ಷ ಊಟ, ವಸತಿ, ಪುಸ್ತಕ, ಸಮವಸ್ತ್ರ, ಔಷಧೋಪಚಾರ ಎಲ್ಲವೂ ಸರಕಾರದ್ದು. ಕೈಗೆ ಪದವಿಯೂ ಬರುತ್ತದೆ. ಆಮೇಲೆ ಡೆಹ್ರಾಡೂನಿನಂಥ ಅಕಾಡೆಮಿಯಲ್ಲಿ ತರಬೇತಿ ಪಡೆಯುವಾಗ ತಿಂಗಳಿಗೆ 56,100 ರೂಪಾಯಿ ಭತ್ಯೆ. ಮನೆಯವರು ಕೊಡಬೇಕಾದದ್ದು ಹುಡುಗನ ಕೈಖರ್ಚು ಮಾತ್ರ. ಅದು ಸಾಮಾನ್ಯವಾಗಿ ತಿಂಗಳಿಗೆ 3,000 ಮೀರದು ಎಂದು ಪ್ರವೇಶ ಪರೀಕ್ಷೆ ನಡೆಸುವ ಕೇಂದ್ರ ಲೋಕಸೇವಾ ಆಯೋಗದ ಪ್ರಕಟಣೆಯೇ ಹೇಳುತ್ತದೆ. ಅದನ್ನೂ ಕೊಡಲಾಗದ, ತಿಂಗಳ ಆದಾಯ 21,000ಕ್ಕಿಂತ ಕಡಿಮೆಯಿರುವ ಮನೆಯ ಕೆಡೆಟ್ಟಿಗೆ ಸರಕಾರ ತಿಂಗಳಿಗೆ 1,000 ರೂಪಾಯಿ ನೆರವು ಕೊಡಬಹುದು.

ಆ ಪ್ರಕಟಣೆಯ ಕೊನೆಯ ಪುಟಗಳನ್ನು ಓದುವುದು ನನಗೆ ಒಂದು ಖುಷಿ. ಅಲ್ಲಿ ಎನ್‌ಡಿಎ ಕೆಡೆಟ್ಟುಗಳಿಗಿರುವ ವಿದ್ಯಾರ್ಥಿವೇತನಗಳ ಪಟ್ಟಿಯಿದೆ. ಬಿಹಾರದ ಇಬ್ಬರು ಮೇಲಿನ ಹುಡುಗರಿಗೆ ಕೌರ್ ಸಿಂಗ್ ಸ್ಮಾರಕ ವೇತನ: ತಿಂಗಳಿಗೆ 37 ರೂಪಾಯಿ. ಹೌದು, ಮೂವತ್ತೇಳು. ಯಾವ ಕಾಲದ ದತ್ತಿಯೋ, ಆ ಕಾಲಕ್ಕೆ ಅದು ಒಂದು ಸಂಸಾರದ ತಿಂಗಳ ದಿನಸಿ ಆಗಿರಬೇಕು. ಇವತ್ತು ಎರಡು ಕಾಫಿಗೆ ಸಾಲದು. ಆದರೂ ಪ್ರತಿ ವರ್ಷ ಶಿಸ್ತಾಗಿ ಅಚ್ಚಾಗುತ್ತದೆ. ಹೆಸರಿಗೆ ವಿದ್ಯಾರ್ಥಿವೇತನ ಇದು. ಹೆಸರಿಲ್ಲದ ವಿದ್ಯಾರ್ಥಿವೇತನ ಆ ಅಕಾಡೆಮಿಯ ಸೀಟು. ಜನ ಹುಡುಕುತ್ತಾ ಅಲೆಯುವುದು ಮೊದಲನೆಯದನ್ನು.

ಎನ್‌ಡಿಎಗೂ ವಯಸ್ಸಿನ ಗೆರೆಯಿದೆ: ಸೇರುವ ಹೊತ್ತಿಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಪರೀಕ್ಷೆ ವರ್ಷಕ್ಕೆ ಎರಡು ಸಲ. ಹನ್ನೆರಡನೆಯ ತರಗತಿಯಲ್ಲಿ ಓದುತ್ತಿರುವಾಗಲೇ ಬರೆಯಬಹುದು. ಹೀಗೆ ಎಣಿಸಿದರೆ ಹುಡುಗನಿಗೆ ನಾಲ್ಕೈದು ಅವಕಾಶ. ಪ್ಲಸ್ ಟೂ ಫಲಿತಾಂಶ ಬಂದ ಮೇಲೆ, ಇಂಜಿನಿಯರಿಂಗ್ ಕೌನ್ಸೆಲಿಂಗ್ ಮುಗಿದ ಮೇಲೆ ಯೋಚನೆ ಮಾಡುವವರಿಗೆ ಒಂದೋ ಎರಡೋ ಉಳಿದಿರುತ್ತದೆ. ಲಿಖಿತ ಪರೀಕ್ಷೆ 900 ಅಂಕ: ಗಣಿತ 300, ಸಾಮಾನ್ಯ ಸಾಮರ್ಥ್ಯ 600, ಅದರೊಳಗೆ ಇಂಗ್ಲಿಷಿಗೇ 200. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಉದ್ದಕ್ಕೂ ತಮಿಳಿನಲ್ಲಿ ಓದಿ, ಮನೆಯಲ್ಲಿ ಕನ್ನಡ ಆಡಿದ ಮಗುವಿಗೆ ಇದು ಎರಡು ಪಟ್ಟು ಹೊರೆ. ಇದನ್ನು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಹತ್ತು ವರ್ಷದ ಮಗುವಿಗೆ ಹದಿಮೂರು ಭಾಷೆಯಲ್ಲಿ ಪರೀಕ್ಷೆ ಬರೆಸಬಲ್ಲ ಸರಕಾರಕ್ಕೆ ಹದಿನೇಳು ವರ್ಷದವರಿಗೆ ಅದು ಏಕಾಗದು? ಅಲ್ಲಿಯವರೆಗೆ ದಾರಿ ಒಂದೇ: ಒಂಬತ್ತನೆಯ ತರಗತಿಯಿಂದಲೇ ದಿನಾ ಇಂಗ್ಲಿಷ್ ಪತ್ರಿಕೆ ಓದುವುದು. ಲಿಖಿತದಲ್ಲಿ ಗೆದ್ದ ಮೇಲೆ ಮತ್ತೆ 900 ಅಂಕಗಳ ಐದು ದಿನದ ಸಂದರ್ಶನ. ಅದು ಬೆಂಗಳೂರಿನಲ್ಲಿ ಬೀಳಬಹುದು, ವಾಯುಪಡೆಗಾದರೆ ಮೈಸೂರಿನಲ್ಲಿ ಬೀಳಬಹುದು. ಮೊದಲ ಸಲ ಹೋಗುವವರಿಗೆ ರೈಲು ಚಾರ್ಜು ವಾಪಸು ಸಿಗುತ್ತದೆ, ಟಿಕೆಟು ಬಿಸಾಡಬೇಡಿ.

ಹೆಣ್ಣು ಮಕ್ಕಳ ತಂದೆತಾಯಂದಿರು ಗಮನಿಸಬೇಕಾದದ್ದು: ಸರ್ವೋಚ್ಚ ನ್ಯಾಯಾಲಯದ 2021ರ ಆದೇಶದ ನಂತರ ಎನ್‌ಡಿಎಗೆ ಹುಡುಗಿಯರೂ ಸೇರುತ್ತಿದ್ದಾರೆ. 2022ರಲ್ಲಿ ಒಳಗೆ ಹೋದ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ತೇರ್ಗಡೆಯಾಗಿ ಹೊರಬಂದರು.

ಕೊಯಮತ್ತೂರು ಇಂಜಿನಿಯರಿಂಗ್ ಕಾಲೇಜುಗಳ ಊರು. ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿಯಲು ಮಗ್ಗ ಅಡವಿಟ್ಟವರನ್ನೂ ಅಲ್ಲಿ ನೋಡಬಹುದು. ಅದೇ ಹೊತ್ತಿಗೆ ಕೇರಳದ ಕಣ್ಣೂರು ಜಿಲ್ಲೆಯ ಏಳಿಮಲೆಯಲ್ಲಿ, ನಮ್ಮ ಕಾಸರಗೋಡಿನ ಮಗ್ಗುಲಲ್ಲೇ, ನೌಕಾಪಡೆಯ ಅಕಾಡೆಮಿ ನಾಲ್ಕು ವರ್ಷದ ಬಿ.ಟೆಕ್ ಕಲಿಸುತ್ತದೆ, ಪೂರ್ತಿ ತನ್ನದೇ ಖರ್ಚಿನಲ್ಲಿ. ಜೆಇಇ ಮೇನ್ ಅಂಕ ಬೇಕು, ಭೌತ, ರಸಾಯನ, ಗಣಿತದಲ್ಲಿ ಒಳ್ಳೆಯ ಅಂಕ ಬೇಕು, ಸಂದರ್ಶನ ಗೆಲ್ಲಬೇಕು. ಭೂಸೇನೆಗೂ ಇಂಥದೇ ತಾಂತ್ರಿಕ ಪ್ರವೇಶವಿದೆ. ಜೆಇಇ ಬರೆಯುವ ಕೊಯಮತ್ತೂರಿನ ಸಾವಿರಾರು ಮಕ್ಕಳಲ್ಲಿ ಎಷ್ಟು ಜನ ಈ ಅರ್ಜಿ ಹಾಕುತ್ತಾರೋ! ವೈದ್ಯಕೀಯಕ್ಕೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿದೆ, 1948ರಿಂದ. ನೀಟ್ ಮೂಲಕ ಪ್ರವೇಶ. ಶುಶ್ರೂಷೆಯ ಬಿ.ಎಸ್‌ಸಿ.ಗೆ ಹೆಣ್ಣು ಮಕ್ಕಳನ್ನು ಸೇನೆಯ ಆಸ್ಪತ್ರೆಗಳ ಕಾಲೇಜುಗಳು ತೆಗೆದುಕೊಳ್ಳುತ್ತವೆ. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯದೂ ಅದರಲ್ಲೊಂದು. ಖಾಸಗಿ ನರ್ಸಿಂಗ್ ಕಾಲೇಜಿಗೆ ಸಾಲ ಮಾಡುವ ಮುನ್ನ ಇದನ್ನೊಮ್ಮೆ ನೋಡಿ.

ಪುಕ್ಕಟೆ ಅಂದಾಗ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಇದು ದಾನವಲ್ಲ, ಕರಾರು. ಉದಾಹರಣೆಗೆ, ಅಮೆರಿಕದಲ್ಲಿ 2000ದಲ್ಲಿ ಶುರುವಾದ ಸೈಬರ್ ಕೋರ್ ಎಂಬ ಯೋಜನೆಯಿದೆ. ಸೈಬರ್ ಭದ್ರತೆ ಓದುವ ಕಾಲೇಜು ಮಕ್ಕಳಿಗೆ ಸರಕಾರ ಹಣ ಕೊಟ್ಟು, ಎಷ್ಟು ವರ್ಷ ಕೊಟ್ಟಿತೋ ಅಷ್ಟು ವರ್ಷ ಸರಕಾರದ ಕೆಲಸ ಮಾಡಿಸಿಕೊಳ್ಳುತ್ತದೆ. ನಮ್ಮಲ್ಲೂ ಲೆಕ್ಕ ಹಾಗೆಯೇ, ಇನ್ನೂ ಬಿಗಿಯಾಗಿ. ಪುಣೆಯ ವೈದ್ಯಕೀಯ ಕಾಲೇಜಿನಲ್ಲಿ ಓದಿ ಸೇನೆಗೆ ಬರುವುದಿಲ್ಲ ಎಂದರೆ ಕಟ್ಟಬೇಕಾದ ಬಾಂಡಿನ ಮೊತ್ತ 60 ಲಕ್ಷ ದಾಟುತ್ತದೆ. ಎನ್‌ಡಿಎಯಿಂದ ಸ್ವಂತ ಇಚ್ಛೆಯಿಂದ ಹೊರಬಂದವನು ತರಬೇತಿಯ ಖರ್ಚು ಹಿಂದಿರುಗಿಸಬೇಕು. ಹದಿನೇಳು ವರ್ಷದ ಹುಡುಗ ಹಾಕುವ ಸಹಿಯ ಪಕ್ಕದಲ್ಲಿ ಅಪ್ಪನ ಸಹಿಯೂ ಇರುತ್ತದೆ. ಯಾವುದಕ್ಕೆ ಹಾಕುತ್ತಿದ್ದೇನೆಂದು ಆ ಅಪ್ಪ ಓದಿ ತಿಳಿದಿರಬೇಕು; ಇಂಗ್ಲಿಷ್ ಬಾರದಿದ್ದರೆ ಬರುವವರಿಂದ ಓದಿಸಿಕೊಳ್ಳಬೇಕು.

ಇನ್ನೊಂದು ಸಂಗತಿ ಮನಸ್ಸಿಗೆ ನೋವು ತರುವಂಥದು. ತರಬೇತಿಯಲ್ಲಿ ಬಿದ್ದು ಬೆನ್ನೋ ಕಾಲೋ ಹೋಗಿ, ವೈದ್ಯಕೀಯ ಕಾರಣದಿಂದ ಹೊರಬಂದ ಕೆಡೆಟ್ಟುಗಳಿದ್ದಾರೆ. ಅವರು ಇನ್ನೂ ಅಧಿಕಾರಿಗಳಾಗಿರಲಿಲ್ಲ ಎಂಬ ಕಾರಣಕ್ಕೆ ಮಾಜಿ ಸೈನಿಕರ ಸ್ಥಾನವೂ ಇಲ್ಲ, ಆ ಪಿಂಚಣಿಯೂ ಇಲ್ಲ. ಸಿಗುವುದು ಒಂದು ಪರಿಹಾರದ ಮೊತ್ತ. 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಇವರ ಪಾಡನ್ನು ತಾನಾಗಿಯೇ ಕೈಗೆತ್ತಿಕೊಂಡು ಸರಕಾರವನ್ನು ಕೇಳಿತು. ಅದೇ ತಿಂಗಳು ಮಾಜಿ ಸೈನಿಕರ ವೈದ್ಯಕೀಯ ಯೋಜನೆಯನ್ನು ಇವರಿಗೂ ವಿಸ್ತರಿಸಲಾಯಿತು. ಮಗುವನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಕೋಚಿಂಗ್ ಸೆಂಟರಿನ ಬಣ್ಣದ ಕರಪತ್ರದಲ್ಲಿ ಇದು ಇರುವುದಿಲ್ಲ, ಅದಕ್ಕೆ ಹೇಳಿದೆ.

ಈಗ ಎಲ್ಲರ ಬಾಯಲ್ಲಿರುವ ಪ್ರಧಾನಮಂತ್ರಿ ಸ್ಕಾಲರ್‌ಶಿಪ್. ಇದರ ಹಣ ಬರುವುದು ರಾಷ್ಟ್ರೀಯ ರಕ್ಷಣಾ ನಿಧಿಯಿಂದ. ಅಮರಾವತಿ ನಗರದ ಶಾಲೆ ತೆರೆದು ಮೂರು ತಿಂಗಳಿಗೆ ಚೀನಾದ ಯುದ್ಧ ಬಂತು; ಆ 1962ರಲ್ಲೇ ಹುಟ್ಟಿದ ನಿಧಿ ಇದು. ಅದಕ್ಕೆ ಹೆಂಗಸರು ಕೈಬಳೆ ಬಿಚ್ಚಿಕೊಟ್ಟ ಕಥೆಗಳನ್ನು ಹಿರಿಯರು ಕೇಳಿರುತ್ತೀರಿ. 2006-07ರಿಂದ ಅದರಲ್ಲಿ ವಿದ್ಯಾರ್ಥಿವೇತನ ಕೊಡುತ್ತಿದ್ದಾರೆ. 2019ರಲ್ಲಿ ಹುಡುಗರಿಗೆ ತಿಂಗಳಿಗೆ 2,000 ಇದ್ದದ್ದು 2,500, ಹುಡುಗಿಯರಿಗೆ 2,250 ಇದ್ದದ್ದು 3,000 ಆಯಿತು. ಭಯೋತ್ಪಾದಕರ, ನಕ್ಸಲರ ದಾಳಿಯಲ್ಲಿ ಮಡಿದ ರಾಜ್ಯ ಪೊಲೀಸರ ಮಕ್ಕಳಿಗಾಗಿ ಆಗ ವರ್ಷಕ್ಕೆ 500 ವಿದ್ಯಾರ್ಥಿವೇತನಗಳು ಹೊಸದಾಗಿ ಸೇರಿದವು. ಆದರೆ ಒಂದು ಗೊಂದಲ ಬಿಡಿಸಬೇಕು. ಇದು ಸೇನೆಗೆ ಹೋಗಬಯಸುವವರಿಗೆ ಕೊಡುವ ಹಣವಲ್ಲ. ಸೇನೆಯಲ್ಲಿ, ಕೇಂದ್ರ ಪಡೆಗಳಲ್ಲಿ ದುಡಿದವರ ಮಕ್ಕಳಿಗೆ, ಅವರ ವಿಧವೆಯರಿಗೆ ಸಲ್ಲುವುದು. ಪ್ಲಸ್ ಟೂನಲ್ಲಿ ನೂರಕ್ಕೆ 60 ಅಂಕವಿರಬೇಕು, ವೃತ್ತಿಶಿಕ್ಷಣದ ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಎರಡನೆಯ ವರ್ಷಕ್ಕೆ ನೆನಪಾದರೆ ಹೋಯಿತು. ನಿವೃತ್ತ ಹವಾಲ್ದಾರರ ಮನೆಗಳಲ್ಲೂ ಇದು ತಿಳಿಯದೆ ತಪ್ಪಿಹೋಗುತ್ತದೆ. ಜಿಲ್ಲೆಯ ಮಾಜಿ ಸೈನಿಕರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿದರೆ ಹೇಳುತ್ತಾರೆ. ನೇಕಾರನ ಮಗನಿಗೆ ಮಾತ್ರ ಇದು ಸಲ್ಲದು.

ನೇಕಾರನ ಮಗ ಸರಕಾರಿ ಶಾಲೆಯಲ್ಲಿ ಓದಿದವನಾದರೆ ಅವನಿಗೆ ಬೇರೊಂದಿದೆ. 2024ರ ಆಗಸ್ಟ್ 9ರಂದು ಕೊಯಮತ್ತೂರಿನಲ್ಲೇ ಶುರುವಾದ ತಮಿಳ್ ಪುದಲ್ವನ್ ಯೋಜನೆ: ಆರರಿಂದ ಹನ್ನೆರಡರವರೆಗೆ ಸರಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗರಿಗೆ ತಿಂಗಳಿಗೆ 1,000 ರೂಪಾಯಿ. ಹುಡುಗಿಯರಿಗೆ ಪುದುಮೈ ಪೆಣ್, 2022ರಿಂದಲೇ. ಇದಕ್ಕೂ ಸೇನೆಗೂ ಸಂಬಂಧವಿಲ್ಲ. ಆದರೆ ಪದವಿ ಮುಗಿಸಿ ಸೇನಾಧಿಕಾರಿಯಾಗಲು ಸಿಡಿಎಸ್ ಪರೀಕ್ಷೆ ಬರೆಯುವವನಿಗೆ, ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟಿನ ಮೇಲೆ ನೇರ ಸಂದರ್ಶನಕ್ಕೆ ಹೋಗುವವನಿಗೆ ಆ ಸಾವಿರ ರೂಪಾಯಿಯೇ ಬಸ್ಸು, ಪುಸ್ತಕ, ಓಟದ ಶೂ.

ಸಮವಸ್ತ್ರ ತೊಡದೆಯೂ ದೇಶದ ಭದ್ರತೆಯ ಕೆಲಸವಿದೆ. ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಕೊಯಮತ್ತೂರು ಒಂದು. ಪಂಪು, ಮೋಟಾರು ಮಾಡುತ್ತಿದ್ದ ವರ್ಕ್‌ಶಾಪುಗಳು ಈಗ ವಿಮಾನದ ಬಿಡಿಭಾಗದ ಮಾತಾಡುತ್ತಿವೆ. ಏರೋಸ್ಪೇಸ್, ಏವಿಯಾನಿಕ್ಸ್ ಓದುವ ಹುಡುಗಿಯರಿಗೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ 2019ರಿಂದ ವಿದ್ಯಾರ್ಥಿವೇತನ ಕೊಡುತ್ತಿದೆ: ಪದವಿಗೆ 20 ಮಂದಿಗೆ ವರ್ಷಕ್ಕೆ 1,20,000ದವರೆಗೆ, ಸ್ನಾತಕೋತ್ತರಕ್ಕೆ 10 ಮಂದಿಗೆ 1,86,000ದವರೆಗೆ. ಇಡೀ ದೇಶಕ್ಕೆ ಮೂವತ್ತು! ಕೊಡುವ ಮೊತ್ತ ಚೆನ್ನಾಗಿದೆ, ಕೊಡುವ ಕೈ ಬಿಗಿಯಾಗಿದೆ. ಸೈಬರ್ ಭದ್ರತೆಯ ಎಂ.ಟೆಕ್ ಎಟ್ಟಿಮಡೈಯ ಅಮೃತ ವಿಶ್ವವಿದ್ಯಾಪೀಠದಲ್ಲಿದೆ. ಗೇಟ್ ಪರೀಕ್ಷೆ ಪಾಸಾಗಿ ಎಂ.ಟೆಕ್ ಸೇರಿದವರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ವೇತನ ತಿಂಗಳಿಗೆ 12,400 ಇದೆ. ಕರ್ನಾಟಕದ ಕಡೆ ನೋಡುವುದಾದರೆ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಶಾಖೆ ಶಿವಮೊಗ್ಗದಲ್ಲಿ, ವಿಧಿವಿಜ್ಞಾನ ವಿಶ್ವವಿದ್ಯಾಲಯದ್ದು ಧಾರವಾಡದಲ್ಲಿ.

ಇಷ್ಟು ಕೇಳಿದ ಮೇಲೆ ಮನೆಯಲ್ಲಿ ಹತ್ತು ವರ್ಷದ ಮಗುವೋ ಹದಿನಾರರ ಮಗುವೋ ಇದ್ದರೆ ಈ ವಾರ ಮಾಡಬೇಕಾದ ಕೆಲಸ ಒಂದಿದೆ. ತಮಿಳುನಾಡಿನ ತಹಸೀಲ್ದಾರರು ಮಾಮೂಲಾಗಿ ಕೊಡುವ ಬಿ.ಸಿ., ಅಂದರೆ ಹಿಂದುಳಿದ ವರ್ಗದ ಪ್ರಮಾಣಪತ್ರ ಕೇಂದ್ರದ ಪ್ರವೇಶಕ್ಕೆ ನಡೆಯುವುದಿಲ್ಲ. ಹಿಂದುಳಿದ ವರ್ಗದ ಮೀಸಲಾತಿ ಬೇಕಾದವರು ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂದು ಬರೆದಿರುವ ಒಬಿಸಿ ಪ್ರಮಾಣಪತ್ರವನ್ನೇ ಬೇರೆಯಾಗಿ ಮಾಡಿಸಬೇಕು. ಆದಾಯ ಪ್ರಮಾಣಪತ್ರ, ಖಾಯಂ ವಾಸದ ಪ್ರಮಾಣಪತ್ರ ಜೊತೆಗಿರಲಿ. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಮೂರರಲ್ಲೂ ಹುಟ್ಟಿದ ತಾರೀಖು ಒಂದೇ ಇದೆಯೇ ಎಂದು ನೋಡಿ. ಶಾಲೆಗೆ ಸೇರಿಸುವಾಗ ಜೂನ್ ಒಂದು ಎಂದು ಬರೆಸಿಬಿಟ್ಟ ಮನೆಗಳು ಇನ್ನೂ ಇವೆ. ತಿದ್ದಿಸುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಸೈನಿಕ ಶಾಲೆಯ ಅರ್ಜಿ ಕರೆಯುವುದು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸಿನಲ್ಲಿ.